ಬರ್ಲಿ, ಬರ್ಲಿ, ಬರ್ಲಿ

ಗಾಡಿ ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತವನು ಕೂಗುವ ಮಾತು ಒಂದೊಂದು ಊರಿನಲ್ಲಿ ಒಂದೊಂದು ಥರ. ನಮ್ಮ ಕಡೆ ‘ಬರ್ಲಿ, ಬರ್ಲಿ, ಬರ್ಲಿ’. ಬ್ಯಾಂಕಿನ ನೌಕರಿ ನನ್ನನ್ನು ಎಲ್ಲೆಲ್ಲಿ ಎತ್ತಿ ಹಾಕಿತೋ ಅಲ್ಲೆಲ್ಲ ನಾನು ಮೊದಲು ಕಲಿತದ್ದು ಈ ಮಾತನ್ನೇ. ಹೈದರಾಬಾದಿನಲ್ಲಿ ‘ರಾನೀ, ರಾನೀ’ ಅಂತಾರೆ. ಹೊಸತರಲ್ಲಿ ಇವರು ಯಾವ ರಾಣಿಯನ್ನು ಕರೀತಿದಾರಪ್ಪಾ ಅಂತ ತಿರುಗಿ ನೋಡಿದ್ದುಂಟು. ಚೆನ್ನೈಯಲ್ಲಿ ‘ವಾ, ವಾ, ವಾ’. ಮುಂಬೈಯಲ್ಲಿ ‘ಆನೇ ದೋ, ಆನೇ ದೋ’. ನಮ್ಮ ತಾಯಿ ಮೊದಲ ಸಲ ದಾದರಿಗೆ ಬಂದಾಗ ಇದನ್ನು ಕೇಳಿ, ‘ಇಷ್ಟು ಕಿರಿದು ಗಲ್ಲೀಲಿ ಆನೆ ಎಲ್ಲಿಂದ ಬಂತೋ?’ ಅಂದಿದ್ದರು. ಈಗ ಪುಣೆಯಲ್ಲಿ ‘ಯೇವೂ ದ್ಯಾ, ಯೇವೂ ದ್ಯಾ’.

ಇಷ್ಟು ಭಾಷೆ ಆದರೂ ಮಾತು ಒಂದೇ. ಎಲ್ಲರೂ ಹೇಳುವುದು ಬರಲಿ ಅಂತ. ಹೋಗಲಿ ಅಂತ ಯಾವ ಊರಿನಲ್ಲೂ ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಸ್ಟೇರಿಂಗ್ ಹಿಡಿದವನ ಲೆಕ್ಕದಲ್ಲಿ ಗಾಡಿ ಹಿಂದಕ್ಕೆ ಹೋಗುತ್ತಿದೆ. ಹಿಂದೆ ನಿಂತವನ ಲೆಕ್ಕದಲ್ಲಿ ಅದು ತನ್ನ ಕಡೆಗೆ ಬರುತ್ತಿದೆ. ಗೋಡೆ, ಚರಂಡಿ, ಮಲಗಿದ ನಾಯಿ ಕಾಣುವುದು ಅವನಿಗೆ. ಹಾಗಾಗಿ ಮಾತೂ ಅವನದೇ ನಡೆಯಬೇಕು. ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಈ ಕೆಲಸ ಕಂಡಕ್ಟರದು. ಆತ ಹಿಂದೆ ಹೋಗಿ ನಿಂತು ಸೀಟಿ ಊದುತ್ತ, ಮಧ್ಯೆ ಬಸ್ಸಿನ ಬೆನ್ನಿಗೆ ಕೈಯಿಂದ ಬಡಿಯುತ್ತ ಇದ್ದರೆ, ಮುಂದಿದ್ದ ಡ್ರೈವರು ಅರ್ಧ ಕಣ್ಣು ಮುಚ್ಚಿಕೊಂಡೇ ಅಷ್ಟು ದೊಡ್ಡ ಬಸ್ಸನ್ನು ಎರಡು ಬಸ್ಸುಗಳ ನಡುವೆ ತಂದು ನಿಲ್ಲಿಸುತ್ತಿದ್ದ.

ಕಾರುಗಳಿಗೆ ಕಂಡಕ್ಟರ್ ಇಲ್ಲವಲ್ಲ. ಅದಕ್ಕೇ ಒಂದು ಕಾಲದಲ್ಲಿ ರಿವರ್ಸ್ ಹಾರ್ನ್ ಬಂತು. ಗೇರು ಹಾಕಿದ ತಕ್ಷಣ ಹುಟ್ಟುಹಬ್ಬದ ಹಾಡೋ ದೇಶಭಕ್ತಿಯ ಹಾಡೋ ಕೀರಲು ದನಿಯಲ್ಲಿ ಶುರುವಾಗಿ, ಬೆಳಗಿನ ಆರು ಗಂಟೆಗೆ ಇಡೀ ಓಣಿಯನ್ನು ಎಬ್ಬಿಸುತ್ತಿತ್ತು. ಆಮೇಲೆ ಸೆನ್ಸರುಗಳು ಬಂದವು. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗು, ಸೀಟ್ ಬೆಲ್ಟು ನೆನಪಿಸುವ ಗಂಟೆ, ವೇಗ ಹೆಚ್ಚಿದರೆ ಎಚ್ಚರಿಸುವ ದನಿ, ಇವುಗಳ ಜೊತೆಗೆ ಹಿಂದಕ್ಕೆ ಬರುವಾಗ ಕೂಗುವ ಸೆನ್ಸರೂ ಕಡ್ಡಾಯವಾಯಿತು. ಈ ಥರದ ಮಾನದಂಡಗಳನ್ನು ಪ್ರಕಟಿಸುವ ಎ.ಆರ್.ಎ.ಐ. ಸಂಸ್ಥೆ ಇರುವುದು ಇದೇ ಪುಣೆಯಲ್ಲಿ, ಕೋಥರೂಡಿನ ವೇತಾಳ ಟೇಕಡಿಯ ಮೇಲೆ. 1966ರಲ್ಲಿ ಹುಟ್ಟಿದ ಆ ಸಂಸ್ಥೆಯ ಹೆಸರನ್ನೇ ಊರವರು ಗುಡ್ಡಕ್ಕೂ ಇಟ್ಟುಬಿಟ್ಟಿದ್ದಾರೆ. ಬೆಳಿಗ್ಗೆ ವಾಕಿಂಗಿಗೆ ಹೊರಟವರನ್ನು ಕೇಳಿ, ‘ಎ.ಆರ್.ಎ.ಐ. ಟೇಕಡಿ’ ಅಂತಾರೆ.

ಕ್ಯಾಮೆರಾದ ಕಥೆ ಇನ್ನೂ ಹಳೆಯದು. ಅಮೆರಿಕದಲ್ಲಿ 1956ರಲ್ಲೇ ಬ್ಯೂಕ್ ಸೆಂಚುರಿಯನ್ ಅನ್ನುವ ಪ್ರದರ್ಶನದ ಕಾರಿಗೆ ಕನ್ನಡಿಯ ಬದಲು ಹಿಂದೊಂದು ಟೀವಿ ಕ್ಯಾಮೆರಾ, ಮುಂದೊಂದು ಪರದೆ ಇಟ್ಟು ತೋರಿಸಿದ್ದರು. ಆಗ ಅದು ಜಾತ್ರೆಯ ಸೋಜಿಗ. ಅದೇ ದೇಶ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿತು. ಅದರ ಹಿಂದಿರುವ 2008ರ ಕಾನೂನಿಗೆ ಒಂದು ಮಗುವಿನ ಹೆಸರಿದೆ. 2002ರಲ್ಲಿ ಮನೆಯ ಮುಂದೆ ಅಪ್ಪನೇ ಹಿಂದಕ್ಕೆ ತೆಗೆಯುತ್ತಿದ್ದ ಗಾಡಿಯ ಅಡಿ ಸಿಕ್ಕಿ ತೀರಿಹೋದ ಎರಡು ವರ್ಷದ ಮಗು ಅದು. ಇದನ್ನು ಎಲ್ಲೋ ಓದಿದ ಮೇಲೆ ನಾನು ಕಾರಿನ ಹಿಂಬದಿಯನ್ನು ನೋಡುವ ರೀತಿಯೇ ಬದಲಾಯಿತು.

ಯಾಕೆ ಅಂತ ಹೇಳಬೇಕಾದರೆ ನಮ್ಮ ಸೊಸೈಟಿಯ ಪಾರ್ಕಿಂಗನ್ನು ನೀವು ನೋಡಬೇಕು. ವಾರಜೆಯಲ್ಲಿರುವ ನಮ್ಮ ಕಟ್ಟಡ ಕಂಬಗಳ ಮೇಲೆ ನಿಂತಿದೆ. ಕೆಳಗೆ ಕಂಬಗಳ ನಡುವೆ ಎರಡು ಸಾಲು ಕಾರು, ಮಧ್ಯೆ ಹನ್ನೊಂದು ಅಡಿ ಅಗಲದ ದಾರಿ. ಜಿನೆಯ ಕೆಳಗಿರುವ ಹತ್ತಡಿ ಚಚ್ಚೌಕದ ಕೋಣೆಯಲ್ಲಿ ವಾಚ್‌ಮನ್ನನ ಸಂಸಾರ: ಗಂಡ, ಹೆಂಡತಿ, ಎರಡು ವರ್ಷ ದಾಟಿದ ಒಂದು ಹೆಣ್ಣು ಮಗು. ಆ ಮಗುವಿಗೆ ಅಂಗಳ, ಪಡಸಾಲೆ, ಹಿತ್ತಲು ಎಲ್ಲಾ ಆ ಹನ್ನೊಂದು ಅಡಿಯ ದಾರಿಯೇ. ಜೂನ್ ತಿಂಗಳಲ್ಲಿ ಮಳೆ ಹಿಡಿದರಂತೂ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ಒಂದು ಹಳೆಯ ಟೆನಿಸ್ ಚೆಂಡನ್ನು ಉರುಳಿಸಿಕೊಂಡು ಇಡೀ ದಿನ ಕಾರುಗಳ ಸಂದಿಯಲ್ಲಿ ಅದರ ಓಡಾಟ.

ಒಂದು ಭಾನುವಾರ ನಾನೊಂದು ಲೆಕ್ಕ ಹಾಕಿ ನೋಡಿದೆ. ಆ ಮಗುವಿನ ಎತ್ತರ ಎರಡೂಮುಕ್ಕಾಲು ಅಡಿ. ಕಸಬರಿಗೆಯ ಕೋಲಿಗೆ ಅಷ್ಟೇ ಎತ್ತರದಲ್ಲಿ ಕೆಂಪು ಬಟ್ಟೆ ಕಟ್ಟಿ, ಮಗನ ಕೈಗೆ ಕೊಟ್ಟು, ಗಾಡಿಯ ಹಿಂದೆ ಒಂದೊಂದೇ ಅಡಿ ದೂರ ಸರಿಯಲು ಹೇಳಿ, ನಾನು ಚಾಲಕನ ಸೀಟಿನಲ್ಲಿ ಕೂತು ಒಳಗಿನ ಕನ್ನಡಿ ನೋಡಿದೆ. ಹಿಂದಿನ ಗಾಜಿನ ಅಂಚಿನ ಮೇಲೆ ಆ ಬಟ್ಟೆ ಇಣುಕಿದ್ದು ಹತ್ತನೆಯ ಅಡಿಗೆ. ನಮ್ಮದು ಸಣ್ಣ ಕಾರು, ದೊಡ್ಡ ಗಾಡಿಗಳದ್ದು ಇನ್ನೂ ಹೆಚ್ಚಿರುತ್ತದೆ. ಅಂದರೆ, ನಾನು ಕನ್ನಡಿ ನಂಬಿಕೊಂಡು ಹಿಂದಕ್ಕೆ ತೆಗೆದರೆ ಆ ಮಗುವಿನ ಅಂಗಳ ಹೆಚ್ಚುಕಡಿಮೆ ಪೂರ್ತಿ ನನ್ನ ಪಾಲಿಗೆ ಇಲ್ಲವೇ ಇಲ್ಲ. ಮುಖ ಹೊರಗಿಟ್ಟು ನಿಲ್ಲಿಸಬಾರದೇ ಅಂತ ನೀವು ಕೇಳಬಹುದು. ಹೋಗುವಾಗ ಸುಲಭವಾಗುತ್ತದೆ, ಸಂಜೆ ಬರುವಾಗ ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೇ ಬರಬೇಕು. ಸಂಜೆಯೇ ಮಕ್ಕಳ ಆಟದ ಹೊತ್ತು.

ನನ್ನ ಕಾರು 2016ರದು, ಕಡ್ಡಾಯದ ನಿಯಮಕ್ಕಿಂತ ಮುಂಚಿನದು. ಅದಕ್ಕೆ ಸೆನ್ಸರೂ ಇಲ್ಲ. ಮೋಟಾರು ಸಾಮಾನಿಗೆ ಹೆಸರಾದ ನಾನಾ ಪೇಠೆಗೆ ಹೋಗಿ ಒಂದು ಟಚ್ ಸ್ಕ್ರೀನು, ಹಿಂದೆ ನಂಬರ್ ಪ್ಲೇಟಿನ ಮೇಲೆ ಹುಣಸೆ ಬೀಜದಷ್ಟು ಕಣ್ಣಿನ ಒಂದು ಕ್ಯಾಮೆರಾ ಹಾಕಿಸಿಕೊಂಡಿದ್ದೆ. ರಿವರ್ಸ್ ಗೇರು ಹಾಕಿದರೆ ಹಾಡು ನಿಂತು ಹಿಂದಿನ ದಾರಿ ಪರದೆಯ ಮೇಲೆ ಮೂಡುತ್ತಿತ್ತು. ಹಸಿರು, ಹಳದಿ, ಕೆಂಪು ಗೆರೆಗಳ ಆಚೆ ಕೆಲವೊಮ್ಮೆ ಆ ಮಗು ಚೆಂಡು ಹಿಡಿದು ಕೂತಿರುವುದು ಕಾಣುತ್ತಿತ್ತು. ನಾಲ್ಕು ವರ್ಷ ಅದು ತನ್ನ ಪಾಡಿಗೆ ಕೆಲಸ ಮಾಡಿತು.

ಜುಲೈ ತಿಂಗಳ ಒಂದು ದಿನ ಗೇರು ಹಾಕಿದೆ, ಪರದೆ ಬದಲಾಗಲಿಲ್ಲ. ಹಾಡು ತಣ್ಣಗೆ ನಡೆದೇ ಇತ್ತು. ಮರುದಿನ ತರಕಾರಿ ಚೀಲ ಇಡಲು ಡಿಕ್ಕಿ ತೆಗೆದು ಮುಚ್ಚಿದ ಮೇಲೆ ಬಂತು. ಮತ್ತೆರಡು ದಿನ ಇಲ್ಲ. ಪೂರ್ತಿ ಕೆಟ್ಟದ್ದನ್ನು ನಂಬಬಹುದು, ಹೀಗೆ ಬಂದು ಹೋಗುವುದನ್ನು ನಂಬುವುದು ಕಷ್ಟ. ಕ್ಯಾಮೆರಾದ ಗಾಜು ಒರೆಸಿದೆ. ಬ್ಯಾಟರಿ ಬದಲಿಸಿದಾಗ ಕೆಲವು ಸ್ಕ್ರೀನುಗಳು ತಮ್ಮ ಸೆಟಿಂಗ್ ಮರೆಯುತ್ತವೆ ಅಂತ ಕೇಳಿದ್ದೆ, ಅದನ್ನೂ ನೋಡಿದೆ. ‘ರಿವರ್ಸ್ ಕ್ಯಾಮೆರಾ’ ಅನ್ನುವುದು ಆನ್ ಆಗಿಯೇ ಇತ್ತು. ಫ್ಯೂಸು ಸರಿಯಿತ್ತು. ಹತ್ತಿರದ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಡಿಕ್ಕಿ ಎತ್ತಿ, ಮುಂದಿನ ಸ್ಕ್ರೀನು ಬಿಚ್ಚಿ, ಒಂದು ವೈರಿಗೆ ಮೀಟರು ಹಿಡಿದು, ‘ಕರೆಂಟು ಹನ್ನೆರಡು ವೋಲ್ಟು ಸರಿಯಾಗಿ ಬರ್ತಿದೆ’ ಅಂದ. ಸ್ಕ್ರೀನನ್ನು ಮತ್ತೆ ಸೇರಿಸಿ, ಡಿಕ್ಕಿ ಮುಚ್ಚಿ ನೋಡಿದರೆ ಇಲ್ಲ. ‘ಸ್ಕ್ರೀನೇ ಹೋಗಿದೆ ಸಾಹೇಬ್, ಇಡೀ ಸೆಟ್ ಬದಲಿಸಬೇಕು’ ಅಂತ ಹದಿನಾಲ್ಕು ಸಾವಿರದ ಚೀಟಿ ಬರೆದ. ಯೋಚನೆ ಮಾಡ್ತೀನಿ ಅಂತ ವಾಪಸು ಬಂದೆ.

ಆ ಹತ್ತು ಹನ್ನೆರಡು ದಿನ ನನ್ನ ಕ್ಯಾಮೆರಾ ಅಂದರೆ ವಾಚ್‌ಮನ್. ಗಾಡಿ ಶುರುವಾದ ಸದ್ದು ಕೇಳಿದರೆ ಆತನೇ ಬಂದು ಹಿಂದೆ ನಿಲ್ಲುತ್ತಿದ್ದ. ಆತ ಇಲ್ಲದ ಹೊತ್ತು ಹೆಂಡತಿ. ‘ಯೇವೂ ದ್ಯಾ, ಯೇವೂ ದ್ಯಾ’ ಅಂತ ಸೆರಗು ಸಿಕ್ಕಿಸಿಕೊಂಡು ಕೈಯಾಡಿಸುತ್ತಿದ್ದಳು. ಅವರು ಬಂದು ಎಂಟು ತಿಂಗಳಾಗಿತ್ತು. ಯಾರು ಕೇಳಿದರೂ ‘ಸೋಲಾಪುರ ಸೈಡ್’ ಅಂತ ಹೇಳಿಕೊಂಡಿದ್ದರು. ನಾನು ಅವರ ಜೊತೆ ಆಡುತ್ತಿದ್ದದ್ದು ನನ್ನ ಬ್ಯಾಂಕಿನ ಹಿಂದಿ. ಅವರು ಉತ್ತರ ಕೊಡುತ್ತಿದ್ದದ್ದು ಅರ್ಧ ಮರಾಠಿ, ಅರ್ಧ ಹಿಂದಿ. ನೀರಿನ ಟ್ಯಾಂಕರು, ಕಸದ ಗಾಡಿ, ಕೊರಿಯರ್: ಇಷ್ಟಕ್ಕೆ ಅದು ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಜೋರು ಮಳೆ. ಆಕೆ ಹಿಂದೆ ನಿಂತಿದ್ದಳು. ನಾನು ಎರಡೂ ಗಾಜು ಇಳಿಸಿ, ಕ್ಲಚ್ಚಿನ ಮೇಲೆ ಕಾಲಿಟ್ಟು, ಇರುವೆಯ ಹಾಗೆ ಹಿಂದಕ್ಕೆ ತೆಗೆಯುತ್ತಿದ್ದೆ. ‘ಯೇವೂ ದ್ಯಾ... ಯೇವೂ ದ್ಯಾ...’ ಅನ್ನುತ್ತಿದ್ದ ದನಿ ಇದ್ದಕ್ಕಿದ್ದಂತೆ ಬದಲಾಯಿತು.

‘ಏ ನಿಂದರ್! ನಿಂದರ್ರೀ! ಕೂಸದ, ಕೂಸದ!’

ನನ್ನ ಕಾಲು ಬ್ರೇಕಿನ ಮೇಲಿತ್ತು. ಮಾತು ತಲೆಗೆ ಹೋಗಿ, ಅರ್ಥವಾಗಿ, ಅಲ್ಲಿಂದ ಕಾಲಿಗೆ ಇಳಿದು ಬರುವಷ್ಟು ಹೊತ್ತು ಆಗಲೇ ಇಲ್ಲ. ಇಳಿದು ನೋಡಿದರೆ ಚೆಂಡು ನನ್ನ ಹಿಂದಿನ ಗಾಲಿಗೆ ತಾಗಿಕೊಂಡಿತ್ತು. ಮಗು ಪಕ್ಕದ ಕಂಬದ ಮರೆಯಿಂದ ಅದರ ಹಿಂದೆಯೇ ಓಡಿ ಬಂದಿತ್ತು, ನನ್ನ ಬಂಪರಿಗೂ ಅದಕ್ಕೂ ಎರಡು ಮಾರು. ಆಕೆ ಮಗುವನ್ನು ಎತ್ತಿ ಎದೆಗೊತ್ತಿಕೊಂಡು ಬೆನ್ನಿಗೊಂದು ಏಟು ಹಾಕಿ, ಹಾಕಿದ್ದಕ್ಕೆ ತಾನೇ ಅಳುತ್ತಿದ್ದಳು. ನಾನು ‘ಏನೂ ಆಗಿಲ್ಲಮ್ಮಾ, ಹೆದರಬೇಡಿ’ ಅಂದೆ. ಅಳು ನಿಲ್ಲಿಸಿ ನನ್ನ ಮುಖ ನೋಡಿದಳು.

‘ನೀವು ನಮ್ಮವರೇನ್ರೀ?’

ಹೊರನಾಡಿನಲ್ಲಿ ಇದ್ದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರದ್ದು ಸೋಲಾಪುರವಲ್ಲ, ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿ; ಗಾಣಗಾಪುರದ ಹತ್ತಿರ. ‘ನಮ್ಮೂರ ಹೆಸರು ಹೇಳಿದ್ರ ಇಲ್ಲಿ ಯಾರಿಗೆ ತಿಳೀತದ್ರಿ? ಸೋಲಾಪುರ ಅಂದ್ರ ಎಲ್ಲಾರಿಗೂ ಗೊತ್ತದ’ ಅಂದಳು. ಅದೂ ನಿಜವೇ. ನಾನೂ ಇಲ್ಲಿ ಹೊಸದುರ್ಗದವನು ಅಂತ ಹೇಳಿಕೊಂಡಿಲ್ಲ, ‘ಬ್ಯಾಂಗಳೋರ್ ಸೈಡ್’ ಅಂತಲೇ ಹೇಳಿದ್ದೇನೆ. ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಬೆಂಗಳೂರು ಸೈಡು, ಸೋಲಾಪುರ ಸೈಡು ಎರಡೂ ಕೂಡಿ ಹಿಂದಿಯಲ್ಲಿ ಮಾತಾಡಿಕೊಂಡಿದ್ದವು.

ಅಂದು ಸಂಜೆ ಗಂಡ ಮನೆಗೆ ಬಂದ. ಕ್ಯಾಮೆರಾದ ಕಥೆ ಹೇಳಿದೆ. ಹದಿನಾಲ್ಕು ಸಾವಿರ ಅಂದ ಕೂಡಲೇ ಆತನ ಹುಬ್ಬು ಮೇಲೇರಿತು. ‘ಹಂಗ ಕೊಡಬ್ಯಾಡ್ರಿ ಸಾಹೇಬ್ರ. ಧಾಯರಿ ಫಾಟಾದಾಗ ನಮ್ಮವ ಒಬ್ಬ ಅದಾನ. ಇಂಡಿ ಕಡೆಯಾಂವ. ಗಾಡಿ ವೈರಿಂಗ್ ಅಂದ್ರ ಅಂವಂದ.’ ಹದಿನೆಂಟು ವರ್ಷದಿಂದ ನಾನು ಪುಣೆಯಲ್ಲಿದ್ದೇನೆ. ಆತ ಎಂಟು ತಿಂಗಳಿಂದ. ಧಾಯರಿ ಫಾಟಾದ ಇಂಡಿಯವನು ಗೊತ್ತಿದ್ದದ್ದು ಆತನಿಗೆ.

ಅಂಗಡಿ ಅಂದರೆ ಮೂರು ತಗಡಿನ ಗೋಡೆ, ಒಂದು ಬೆಂಚು. ಐವತ್ತರ ಆಸುಪಾಸಿನ ಮನುಷ್ಯ. ಮೀಟರಿಲ್ಲ, ಸ್ಕ್ರೂಡ್ರೈವರ್ ಹಿಡಿಯಲ್ಲಿ ಬಲ್ಬಿರುವ ಒಂದು ಟೆಸ್ಟ್ ಲ್ಯಾಂಪು ಕಿವಿಯ ಮೇಲೆ ಪೆನ್ಸಿಲಿನ ಹಾಗೆ ಸಿಕ್ಕಿಸಿಕೊಂಡಿದ್ದ. ಕಾರನ್ನು ಮುಟ್ಟಲೇ ಇಲ್ಲ, ಮೊದಲು ಪ್ರಶ್ನೆ ಕೇಳಿದ.

‘ಗೇರು ಹಾಕಿದ್ರ ಸ್ಕ್ರೀನ್ ಕರ್ರಗಾಗತೈತೋ, ಇಲ್ಲಾ ಹಾಡ ನಡದಿರತೈತೋ?’

‘ಹಾಡೇ ನಡೆದಿರುತ್ತೆ.’

‘ಹಂಗಾದ್ರ ಕಣ್ಣಿನ ರೋಗ ಅಲ್ರಿ ಇದು. ಸುದ್ದಿ ಮುಟ್ಟವಲ್ದು.’

ಆತ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಗೇರ್ ಬಾಕ್ಸಿನ ಮೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದೊಂದು ಸ್ವಿಚ್ ಇರುತ್ತದೆ. ರಿವರ್ಸ್ ಹಾಕಿದಾಗ ಅದು ಒತ್ತಿಕೊಂಡು ಬ್ಯಾಟರಿಯ ಹನ್ನೆರಡು ವೋಲ್ಟನ್ನು ಹಿಂದಿನ ಬಿಳಿ ದೀಪಕ್ಕೆ ಕಳಿಸುತ್ತದೆ. ನಮ್ಮ ಗಾಡಿಯಲ್ಲಿ ಆ ದೀಪ ಡಿಕ್ಕಿಯ ಬಾಗಿಲಿನಲ್ಲೇ ಇದೆ. ಹೊರಗಿನಿಂದ ಕ್ಯಾಮೆರಾ ಹಾಕುವವರು ಆ ದೀಪದಿಂದಲೇ ಎರಡು ಕವಲು ತೆಗೆಯುತ್ತಾರೆ. ಒಂದು ಕ್ಯಾಮೆರಾಕ್ಕೆ, ಅದರ ಹೊಟ್ಟೆಗೆ. ಇನ್ನೊಂದು ತೆಳ್ಳಗಿನ ಕೆಂಪು ವೈರು, ಚಿತ್ರ ಒಯ್ಯುವ ಹಳದಿ ಕೇಬಲಿನ ಜೊತೆಗೇ ಮುಂದಿನ ಸ್ಕ್ರೀನಿನ ತನಕ ಹೋಗುತ್ತದೆ. ಅದರ ಕೆಲಸ ಇಷ್ಟೇ: ‘ಗಾಡಿ ಈಗ ಹಿಂದಕ್ಕೆ ಬರುತ್ತಿದೆ, ಹಾಡು ನಿಲ್ಲಿಸಿ ಚಿತ್ರ ತೋರಿಸು’ ಅಂತ ಹೇಳುವುದು. ಪರದೆ ಬದಲಾಗಿ ಕಪ್ಪಗೆ ನಿಂತರೆ ಸುದ್ದಿ ಮುಟ್ಟಿದೆ, ಚಿತ್ರ ಬಂದಿಲ್ಲ. ಆಗ ಕ್ಯಾಮೆರಾವನ್ನೋ ಹಳದಿ ಕೇಬಲನ್ನೋ ನೋಡಬೇಕು. ಪರದೆ ಬದಲಾಗದೇ ಇದ್ದರೆ ಮೊದಲು ಹುಡುಕಬೇಕಾದದ್ದು ಆ ಕೆಂಪು ವೈರನ್ನು.

ಎಂಜಿನ್ ಶುರು ಮಾಡದೆ ಬರೀ ಕೀಲಿ ತಿರುಗಿಸಲು ಹೇಳಿದ. ಹ್ಯಾಂಡ್ ಬ್ರೇಕ್ ಎಳೆಸಿ, ಗಾಲಿಗೆ ಕಲ್ಲು ಕೊಟ್ಟ. ರಿವರ್ಸ್ ಹಾಕಿಸಿ ಹಿಂದೆ ಹೋಗಿ ನೋಡಿದ. ಬಿಳಿ ದೀಪ ಹತ್ತಿತ್ತು. ಗೇರಿನ ಸ್ವಿಚ್ಚು, ಫ್ಯೂಸು ಎರಡೂ ಪಾಸು. ಮುಂದೆ ಬಂದು ಸ್ಕ್ರೀನನ್ನು ಹೊರಗೆಳೆದು, ಆ ಕೆಂಪು ವೈರಿನ ತುದಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದ. ಬಲ್ಬು ಹತ್ತಲಿಲ್ಲ. ‘ಈಗ ನೋಡ್ರಿ’ ಅಂತ ಫ್ಯೂಸ್ ಪೆಟ್ಟಿಗೆಯಿಂದ ಒಂದು ಬೇರೆ ವೈರು ತಂದು ಸ್ಕ್ರೀನಿನ ಆ ಜಾಗಕ್ಕೆ ತಾಗಿಸಿದ್ದೇ ತಡ, ಪರದೆ ಝಗ್ ಅಂತ ಬೆಳಗಿತು. ಧಾಯರಿಯ ರಸ್ತೆ, ಮಳೆ ನೀರಿನ ಹೊಂಡ, ಹೊಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದ ಆತನ ಹುಡುಗ.

‘ಕ್ಯಾಮೆರಾ ಇಷ್ಟ ದಿನಾನೂ ನೋಡಾಕತ್ತಿತ್ರಿ. ನೀವು ಗೇರು ಹಾಕಿದಾಗೆಲ್ಲ ನೋಡೇತಿ. ತೋರಸು ಅಂತ ಮುಂದಿನಾಂವಗ ಹೇಳೋರ ಇರಲಿಲ್ಲ.’

ಹದಿನಾಲ್ಕು ಸಾವಿರದ ಸ್ಕ್ರೀನಿಗೂ ಏನೂ ಆಗಿರಲಿಲ್ಲ, ಹಿಂದಿನ ಕಣ್ಣಿಗೂ ಏನೂ ಆಗಿರಲಿಲ್ಲ. ಹಾಗಾದರೆ ಆ ಹುಡುಗನ ಮೀಟರಿಗೆ ಹನ್ನೆರಡು ವೋಲ್ಟು ಎಲ್ಲಿಂದ ಬಂತು ಅಂತ ಕೇಳಿದೆ. ‘ಡಿಕ್ಕಿ ತಗದಿದ್ನೇನು?’ ಅಂದ. ಹೌದು, ತೆಗೆದಿಟ್ಟಿದ್ದ. ಆತ ನಕ್ಕು, ಸ್ಕ್ರೀನಿಗೆ ಹಳೆಯ ಕೆಂಪು ವೈರನ್ನೇ ಮತ್ತೆ ಜೋಡಿಸಿ, ಡಿಕ್ಕಿಯ ಬಾಗಿಲನ್ನು ಮೆಲ್ಲಗೆ ಎತ್ತಿದ. ಅರ್ಧ ಮೇಲೆ ಹೋಗುವಷ್ಟರಲ್ಲಿ ಪರದೆಯ ಮೇಲೆ ಚಿತ್ರ ಬಂತು. ಇಳಿಸಿದ, ಹೋಯಿತು. ಎತ್ತಿದ, ಬಂತು.

ಡಿಕ್ಕಿಯ ಬಾಗಿಲಿಗೂ ಗಾಡಿಯ ಮೈಗೂ ನಡುವೆ, ಮೇಲ್ಗಡೆ, ಆನೆಯ ಸೊಂಡಿಲಿನ ಹಾಗೆ ಮಡಿಕೆ ಮಡಿಕೆಯ ಒಂದು ರಬ್ಬರ್ ಕೊಳವೆ ಇರುತ್ತದೆ. ಡಿಕ್ಕಿಗೆ ಹೋಗುವ ವೈರುಗಳೆಲ್ಲ ಅದರೊಳಗಿಂದಲೇ ಹೋಗಬೇಕು. ಬಾಗಿಲು ತೆಗೆದಾಗೊಮ್ಮೆ ಮುಚ್ಚಿದಾಗೊಮ್ಮೆ ಅವು ಬಾಗುತ್ತವೆ. ಗಾಡಿಯ ಕಂಪನಿಯವರು ಹಾಕಿದ ವೈರು ಈ ಬಾಗುವಿಕೆಗೆ ಅಂತಲೇ ಮೆತ್ತಗೆ ಮಾಡಿದ್ದು. ಆಮೇಲೆ ತೂರಿಸಿದ ಅಗ್ಗದ ವೈರಿಗೆ ಆ ಅಭ್ಯಾಸವಿಲ್ಲ. ರಬ್ಬರನ್ನು ಹಿಂದಕ್ಕೆ ಸರಿಸಿ ಕೆಂಪು ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದ. ಮೇಲಿನ ಕೆಂಪು ತೊಗಲು ಎಲ್ಲೂ ಹರಿದಿರಲಿಲ್ಲ, ಆದರೆ ಒಂದು ಕಡೆ ಅದು ಚೂಯಿಂಗ್ ಗಮ್ಮಿನ ಹಾಗೆ ಹಿಗ್ಗಿತು. ಬ್ಲೇಡಿನಿಂದ ಸೀಳಿದರೆ ಒಳಗೆ ತಾಮ್ರ ತುಂಡಾಗಿ, ಮಳೆಗಾಲದ ತೇವಕ್ಕೆ ಎರಡೂ ತುದಿಗೆ ಕಿಲುಬು ಹಿಡಿದು ಹಸಿರಾಗಿತ್ತು. ಬಾಗಿಲು ಮೇಲಿದ್ದಾಗ ಆ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು, ಮುಚ್ಚಿದಾಗ ದೂರವಾಗುತ್ತಿದ್ದವು.

ಸರಿ ಮಾಡಿದ ರೀತಿಯೂ ನೋಡುವಂತಿತ್ತು. ತುಂಡಾದಲ್ಲೇ ಬೆಸೆದು ಟೇಪು ಸುತ್ತಲಿಲ್ಲ. ‘ಬಾಗೂ ಜಾಗಾದಾಗ ಗಂಟ ಇರಬಾರದ್ರಿ, ಅಲ್ಲೇ ಮತ್ತ ಹರಿತೈತಿ’ ಅಂದ. ಕೊಳವೆಯ ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು ಹಳೆಯದನ್ನು ಕತ್ತರಿಸಿ, ನೂಲಿನಂಥ ಸಣ್ಣ ಎಳೆಗಳ ಮೆತ್ತಗಿನ ವೈರು ತೂರಿಸಿ, ಸ್ವಲ್ಪ ಸಡಿಲ ಬಿಟ್ಟು, ಎರಡೂ ಗಂಟುಗಳನ್ನು ಅಲುಗಾಡದ ಜಾಗದಲ್ಲಿ ಬೆಸುಗೆ ಹಾಕಿದ. ಮೇಲೆ ಕೊಳವೆ ಹಾಕಿ ಲೈಟರಿನಿಂದ ಕಾಯಿಸಿದಾಗ ಅದು ಕುಗ್ಗಿ ವೈರನ್ನು ಬಿಗಿದುಕೊಂಡಿತು. ಮುನ್ನೂರೈವತ್ತು ರೂಪಾಯಿ. ಅದರಲ್ಲೇ ಚಹಾ ತರಿಸಿದ. ಹೊರಡುವಾಗ ಕಿಟಕಿಯ ಹತ್ತಿರ ಬಂದು ಒಂದು ಮಾತು ಹೇಳಿದ:

‘ಇದರಾಗ ದೂರ ಕಂಡದ್ದು ದೂರ ಇರೂದಿಲ್ರಿ, ನೆನಪಿರ್ಲಿ. ಅಗಲ ತೋರ್ಸಾಕ ಹೋಗಿ ಇದು ಎಲ್ಲಾನೂ ಸಣ್ಣದು ಮಾಡತೈತಿ. ಮತ್ತ ಕ್ಯಾಮೆರಾ ಕೆಳಗ ನೋಡತೈತಿ, ಬಾಜೂಕಿನಿಂದ ಓಡಿ ಬರೂದು ಅದಕ್ಕ ತಡಾ ಆಗಿ ಕಾಣತೈತಿ.’

ಬಾಜೂಕಿನಿಂದ ಓಡಿ ಬರುವುದು ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಕಂಬದ ಮರೆ, ಗಾಲಿಗೆ ತಾಗಿದ ಚೆಂಡು. ಆ ಬೆಳಿಗ್ಗೆ ಕ್ಯಾಮೆರಾ ಸರಿಯಿದ್ದಿದ್ದರೂ ಮಗು ಕಂಬದ ಮರೆಯಲ್ಲಿದ್ದಷ್ಟು ಹೊತ್ತು ಪರದೆಯ ಮೇಲೆ ಬರುತ್ತಿರಲಿಲ್ಲ. ತಾಯಿ ನಿಂತ ಜಾಗದಿಂದ ಮಾತ್ರ ಕಂಬದ ಎರಡೂ ಬದಿ ಕಾಣುತ್ತಿತ್ತು.

ಅಂದು ಸಂಜೆ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಗೇರು ಮಾತ್ರ ಹಾಕಿಟ್ಟು, ಆಕೆಯನ್ನೂ ಮಗುವನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದೆ. ಗಂಡ ಹಿಂದೆ ನಿಂತ. ಪರದೆಯ ಮೇಲೆ ಆತ ಬಂದದ್ದೇ ಮಗು ‘ಅಪ್ಪಾ ಟೀವ್ಯಾಗ!’ ಅಂತ ಚಪ್ಪಾಳೆ ಹೊಡೆಯಿತು. ಆಕೆ ಮಾತ್ರ ಗಂಭೀರವಾಗಿ ನೋಡುತ್ತಿದ್ದಳು. ಕಂಬದ ಹತ್ತಿರ ಹೋಗಿ ನಿಲ್ಲು ಅಂತ ಗಂಡನಿಗೆ ಕೂಗಿ ಹೇಳಿದಳು. ಆತ ಕಂಬದ ಕಡೆ ಸರಿದಂತೆ ಪರದೆಯ ಅಂಚಿನಲ್ಲಿ ಅರ್ಧ ಮೈ, ಆಮೇಲೆ ಒಂದು ಕೈ, ಆಮೇಲೆ ಏನೂ ಇಲ್ಲ. ‘ಅಲ್ಲಿ ಕಾಣೂದಿಲ್ಲ ನೋಡ್ರಿ’ ಅಂದಳು. ಇಂಡಿಯ ಮನುಷ್ಯ ಹೇಳಿದ್ದನ್ನು ಆಕೆ ತಾನೇ ಕಂಡುಹಿಡಿದಳು.

ಮರುದಿನ ಸೊಸೈಟಿಯ ಸೆಕ್ರೆಟರಿಯವರನ್ನು ಕೇಳಿ ಕೊಂಡು ಜಿನೆಯ ಪಕ್ಕ, ಗಾಡಿ ಬಾರದ ಮೂಲೆಯಲ್ಲಿ ಮೂರು ಕಡೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದೆವು. ಖರ್ಚನ್ನು ಕಾರಿರುವ ಹದಿನಾರು ಮನೆಯವರು ಹಂಚಿಕೊಂಡರು. ಮಗುವಿಗೆ ಆಡಲು ಅಷ್ಟು ಜಾಗವಾಯಿತು. ಹನ್ನೊಂದು ಅಡಿಯ ದಾರಿ ಹೋಯಿತು ಅಂತ ಮೊದಲು ಅದಕ್ಕೆ ಬೇಜಾರೇ. ಈಗ ನಾನು ಗಾಡಿ ಶುರು ಮಾಡುವ ಮೊದಲು ಒಂದು ಸುತ್ತು ಬಂದು ನೋಡಿ, ಹಾಡು ನಿಲ್ಲಿಸಿ, ಎರಡೂ ಗಾಜು ಇಳಿಸಿಯೇ ಗೇರು ಹಾಕುವುದು. ಪರದೆ ತಪ್ಪದೆ ಬೆಳಗುತ್ತದೆ.

ಮಗುವನ್ನು ಈ ವರ್ಷ ಹತ್ತಿರದ ಅಂಗನವಾಡಿಗೆ ಹಾಕಿದ್ದಾರೆ. ಎಣಿಕೆ, ಬಣ್ಣ, ಹಾಡು ಎಲ್ಲಾ ಮರಾಠಿಯಲ್ಲೇ ಕಲಿತು ಬರುತ್ತಿದೆ. ಮೊನ್ನೆ ನಾನು ಗಾಡಿ ತೆಗೆಯುವಾಗ ಅಡ್ಡಪಟ್ಟಿ ಹಿಡಿದು ನಿಂತು, ಅಪ್ಪನ ಹಾಗೆಯೇ ಕೈಯಾಡಿಸಿ, ‘ಯೇವೂ ದ್ಯಾ, ಯೇವೂ ದ್ಯಾ’ ಅಂತ ಕೂಗುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿ ಅಲ್ಲಿಂದಲೇ, ‘ಅವರು ನಮ್ಮ ಕಾಕಾ, ಬರ್ಲಿ ಅನ್ನವ್ವಾ’ ಅಂದಳು.

ಮಗು ಒಂದು ಕ್ಷಣ ಯೋಚಿಸಿ, ‘ಬರ್ಲಿ ದ್ಯಾ’ ಅಂತು. ನಾನು ಬಂದೆ.